ಯಾವ ತಂತಿ ಬೇಕ್ರಿ?

ಹೋದ ತಿಂಗಳು ಬೈಲಹೊಂಗಲದ ಒಂದು ಅಂಗಡಿಯಲ್ಲಿ ತಂತಿ ಕೇಳಿದೆ. ಹೀರೆಯ ಬಳ್ಳಿಗೆ ಹಂದರ ಕಟ್ಟುವುದಿತ್ತು. ಅಂಗಡಿಯ ಹೆಣ್ಣುಮಗಳು ತಲೆ ಎತ್ತದೆಯೇ, "ಯಾವ ತಂತಿ ಬೇಕ್ರಿ? ಕಟ್ಟೂದೋ, ಮುಳ್ಳಿಂದೋ, ಮೋಟರ್ ಸುತ್ತೂದೋ, ಬಾರ್ಸೂದೋ?" ಎಂದಳು. ಎಲ್ಲವೂ ಒಂದೇ ಗೋಡೆಯ ಮೇಲೆ ಸುರುಳಿ ಸುರುಳಿಯಾಗಿ ತೂಗುತ್ತಿದ್ದವು. ಕೊನೆಯ ಮೊಳೆಗೆ ಕಾಗದದಲ್ಲಿ ಸುತ್ತಿದ ಏಕತಾರಿಯ ತಂತಿ. ಅದಕ್ಕೆ ಸವರಿದ್ದ ಎಣ್ಣೆಯ ವಾಸನೆ ಬಂತು... ಹಂದರದ ವಿಷಯ ಮರೆತುಹೋಯಿತು. ಹನ್ನೊಂದು ವರ್ಷದ ಹಿಂದಿನವರೆಗೂ ಅಣ್ಣ ಅದೇ ಮೊಳೆಯ ತಂತಿಯನ್ನು ಒಯ್ಯುತ್ತಿದ್ದ.

ನಾನು ಐದನೆಯ ಇಯತ್ತೆಗೆ ಸಾಲೆ ಬಿಟ್ಟವನು, ಬರೆಯುವ ರೂಢಿ ಇಲ್ಲ. ಮುರಗೋಡದ ಹತ್ತಿರದ ನಮ್ಮ ಊರಿನಲ್ಲಿ ಎಲ್ಲದಕ್ಕೂ ತಂತಿ ಎಂಬ ಒಂದೇ ಮಾತು. ನಾವು ಸಣ್ಣವರಿದ್ದಾಗ ತಂತಿ ಎಂದರೆ ಅಂಚೆಯವನು ತರುವ ಸುದ್ದಿ. "ತಂತಿ ಬಂತು" ಎಂದರೆ ಅವ್ವ ಮೊದಲು ಅತ್ತು, ಆಮೇಲೆ ಯಾರು ಸತ್ತರೆಂದು ಕೇಳುತ್ತಿದ್ದಳು. ಆಮೇಲೆ ಹೊಲಕ್ಕೆ ಕರೆಂಟಿನ ತಂತಿ ಬಂತು. ಅಣ್ಣನ ಎದೆಗೆ ಒರಗಿದ ಏಕತಾರಿಗೆ ಇದ್ದದ್ದೂ ಒಂದು ತಂತಿಯೇ.

ಲೈನ್‌ಮನ್‌ಗೆ ನಾಲ್ಕು ಊರು, ಕರೆದ ಕೂಡಲೇ ಬರುತ್ತಿರಲಿಲ್ಲ. ಹಾಗಾಗಿ ಕಂಬ ಹತ್ತುವ ಕೆಲಸ ಅಣ್ಣನದಾಗಿತ್ತು. ಸೋಮವಾರ ಸಂಜೆ ಅದೇ ಕೈಯಿಂದ ಬಸವಣ್ಣನ ಗುಡಿಯ ಭಜನೆಯಲ್ಲಿ ಏಕತಾರಿ ಹಿಡಿಯುತ್ತಿದ್ದ. ಕಂಬವನ್ನು ಎಳೆದು ಕಟ್ಟಿದ ತಂತಿಯನ್ನೂ ಉಗುರಿನಿಂದ ಮೀಟಿ, ಕಿವಿಗೊಟ್ಟು, ಸಡಿಲವೋ ಬಿಗಿಯೋ ಹೇಳುತ್ತಿದ್ದ. "ಒಂದು ತಂತಿ ಮುಟ್ಟಿದ್ರ ಅದು ಕೂಗತೈತಿ, ಇನ್ನೊಂದು ಮುಟ್ಟಿದ್ರ ನಾವು ಕೂಗತೇವಿ, ಇಷ್ಟ ಫರಕು" ಎಂದು ನಗುತ್ತಿದ್ದ.

ಎರಡನ್ನೂ ನನಗೆ ಮುಟ್ಟಗೊಡುತ್ತಿರಲಿಲ್ಲ. ನನ್ನ ಕೈ ಒರಟು, ಸಿಟ್ಟು ಮೂಗಿನ ತುದಿಯಲ್ಲಿ. ಅವನದೊಂದು ನೇಮವಿತ್ತು. ಕಂಬ ಹತ್ತುವ ಮೊದಲು ಟಿಸಿಯ, ಅಂದರೆ ಹೊಲದ ಟ್ರಾನ್ಸ್‌ಫಾರ್ಮರಿನ, ಪೆಟ್ಟಿಗೆಯಿಂದ ಮೂರೂ ಫ್ಯೂಜಿನ ಕಟೌಟು ಕಿತ್ತು ತನ್ನ ಹೆಗಲ ಚೀಲದಲ್ಲೇ ಹಾಕಿಕೊಳ್ಳುತ್ತಿದ್ದ. ಆ ಬಿಳಿ ಪಿಂಗಾಣಿ ಹಿಡಿಕೆಗಳು ಅವನ ಮೈಮೇಲೆ ಇರುವತನಕ ಯಾರೂ ಕರೆಂಟು ಬಿಡುವಂತಿರಲಿಲ್ಲ. ಇದಕ್ಕೇ ನಾನು ಎಷ್ಟೋ ಸಲ ಜಗಳ ತೆಗೆದಿದ್ದೆ. ಎರಡು ಮಕ್ಕಳ ತಂದೆಯಾದರೂ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು.

ಹನ್ನೊಂದು ವರ್ಷದ ಹಿಂದಿನ ಆ ಮುಂಜಾನೆ ನನ್ನ ಜಗಳಕ್ಕೆ ಅವನು ಸೋತ. ಗಾಳಿಗೆ ಹಳ್ಳದ ಕಂಬದ ಹತ್ತಿರ ಎರಡು ತಂತಿ ಹೆಣೆದುಕೊಂಡಿದ್ದವು. ಕಟೌಟುಗಳನ್ನು ನನ್ನ ಕೈಗಿಟ್ಟು, "ನಾ ಬಂದು ಕೈ ಚಾಚೂತನಕ ಹಾಕಬ್ಯಾಡ. ಯಾರ ಕೈಗೂ ಕೊಡಬ್ಯಾಡ" ಎಂದು ಹೇಳಿ ಕಬ್ಬಿನ ಸಾಲಿನಲ್ಲಿ ಮರೆಯಾದ. ಟಿಸಿಯ ಹತ್ತಿರ ನಿಂತರೆ ಆ ಕಂಬ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ಮೇಲಿನ ಹೊಲದವನು ಬಂದ. ಅವನ ಗೋವಿನಜೋಳ ಬಾಡುತ್ತಿತ್ತು, ಕರೆಂಟು ಹೋಗುವ ಹೊತ್ತು ಹತ್ತಿರವಾಗಿತ್ತು.

"ಹಾಕಲೇ, ಎಷ್ಟೊತ್ತು?"

"ಅಣ್ಣ ಬರ್ಲಿ."

"ಅಣ್ಣ ಬರ್ಲಿ, ಅಣ್ಣ ಬರ್ಲಿ. ಲಗ್ನಾದ ದಿನಾನೂ ಅಣ್ಣನ್ನ ಕೇಳೇ ಬಾಗಲಾ ಹಾಕ್ಕೊಂಡ್ಯೇನ?"

ಕೈಯಲ್ಲಿದ್ದ ಕಟೌಟಿನಿಂದಲೇ ಅವನ ಹಣೆಗೆ ಬಡಿದೆ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ನನ್ನ ಕುತ್ತಿಗೆ ಹಿಡಿದ. ಇಬ್ಬರೂ ಕಾಲುವೆಯ ಕೆಸರಿನಲ್ಲಿ ಉರುಳಾಡಿದೆವು. ನಾನು ಅವನ ಕಿವಿ ಕಚ್ಚಿದೆ, ಅವನು ನನ್ನ ಹೊಟ್ಟೆಗೆ ಒದ್ದ. ಕೊನೆಗೆ ಅವನೇ ದಣಿದು ಎದ್ದು ಕುಳಿತು, ಅಂಗಿಯಿಂದ ರಕ್ತ ಒರೆಸಿಕೊಳ್ಳುತ್ತ, "ಹೋಗ್ಲಿ ಬಿಡು. ಬರ್ಲಿ ನಿಮ್ಮಣ್ಣ. ಅವ ಹೇಳಲಾರದ ನೀ ಏನ ಮಾಡಾಂವ" ಎಂದ.

ಅಷ್ಟೇ ಅವನು ಅಂದದ್ದು. ನಾನು ಎದ್ದು ಪೆಟ್ಟಿಗೆಯ ಬಾಗಿಲು ತೆರೆದೆ. ಅವನು ಓಡಿಬಂದು, "ಬ್ಯಾಡೋ, ನಾ ಸುಮ್ನ ಅಂದೆ" ಎಂದು ಕೈ ಹಿಡಿದ. ಝಾಡಿಸಿದೆ. ಒಂದು ಹಾಕಿದೆ. ಎರಡು ಹಾಕಿದೆ. ಮೂರನೆಯದು ಕೆಸರಾಗಿತ್ತು, ಒರೆಸಿ ಹಾಕಿದೆ...

ತಲೆಯ ಮೇಲಿನ ತಂತಿ ಗುಂಯ್ ಎಂದಿತು. ಹಳ್ಳದ ಕಡೆ ಕಾಗೆಗಳು ಒಮ್ಮೆಲೇ ಎದ್ದವು.

ಇಬ್ಬರೂ ಓಡಿದೆವು. ಅಣ್ಣ ಕಂಬದ ಮೇಲೆ ಸೊಂಟದ ಹಗ್ಗಕ್ಕೆ ಜೋತುಬಿದ್ದಿದ್ದ. ಏಕತಾರಿ ಹಿಡಿಯುತ್ತಿದ್ದ ಕೈಗಳು ಇದ್ದಿಲಿನಂತಾಗಿದ್ದವು. ಆ ವಾಸನೆಯನ್ನು ಬರೆಯಲಾರೆ.

ಜನ ಓಡಿಬಂದರು. ಮೇಲಿನ ಹೊಲದವನ ಮುಖದ ರಕ್ತ, ನನ್ನ ಹರಿದ ಅಂಗಿ ನೋಡಿ, ಏನಾಯಿತೆಂದು ಕೇಳಿದರು. "ಕಸಗೊಂಡು ಹಾಕಿದ" ಎಂದು ಅವನ ಕಡೆ ಬೆರಳು ಮಾಡಿದೆ. ಮುಂದೆ ಯಾರೂ ಏನೂ ಕೇಳಲಿಲ್ಲ. ಸಲಿಕೆಯ ಹಿಡಿ, ಕಲ್ಲು, ಹಾರೆ, ಯಾರ ಕೈಗೆ ಏನು ಸಿಕ್ಕಿತೋ ಅದರಿಂದ ಹೊಡೆದರು. ಮೊಣಕೈಯ ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ನಾನೂ ಹೊಡೆದೆ. ಎಲ್ಲರಿಗಿಂತ ಹೆಚ್ಚು ಬಾಯಿಗೇ ಹೊಡೆದೆ, ಅವನು ಮಾತನಾಡಬಾರದೆಂದು. ಆಮೇಲೆ ಅವನು ಎಷ್ಟು ಹೇಳಿದರೂ ಊರು ನಂಬಲಿಲ್ಲ. ಹಿರಿಯರು ಕುಳಿತು, ಪೊಲೀಸರತನಕ ಹೋಗುವುದು ಬೇಡ, ಅವನು ಊರು ಬಿಡಲಿ ಎಂದು ಮುಗಿಸಿದರು. ಬಿಟ್ಟುಹೋದ.

ಏಕತಾರಿ ಗೋಡೆಗೆ ತೂಗಿಕೊಂಡೇ ಇತ್ತು. ತಂತಿ ತುಕ್ಕು ಹಿಡಿದು ಯಾವಾಗ ಹರಿಯಿತೋ ಯಾರಿಗೂ ಗೊತ್ತಿಲ್ಲ.

ಬೈಲಹೊಂಗಲದಿಂದ ಏಕತಾರಿಯ ತಂತಿಯನ್ನಷ್ಟೇ ತಂದೆ. ಮರುದಿನ ಉಗರಗೋಳಕ್ಕೆ ಹೋದೆ. ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಆ ಮೇಲಿನ ಹೊಲದವನು ಈಗ ಕಾಯಿ, ಭಂಡಾರ ಮಾರುತ್ತಾನೆ. ಬಲಗೈ ಚಾಚಲು ಬರುವುದಿಲ್ಲ. ಪುಡಿಕೆಯ ದಾರದ ಒಂದು ತುದಿ ಹಲ್ಲಿನಲ್ಲಿ ಹಿಡಿದು ಎಡಗೈಯಿಂದ ಗಂಟು ಹಾಕುತ್ತಿದ್ದ. ನನ್ನನ್ನು ನೋಡಿ, ಗಂಟು ಮುಗಿಸಿ, "ಕುಂದ್ರು" ಎಂದ.

"ಅವತ್ತ ನೀವು ಹಾಕಿದ್ದಲ್ರಿ. ನಾನ ಹಾಕಿದ್ದು" ಎಂದೆ. ಇಷ್ಟು ಹೇಳಲು ಹನ್ನೊಂದು ವರ್ಷ ಬೇಕಾಯಿತು.

ಅವನು ನಕ್ಕ. "ನನಗ್ಯಾಕ ಹೇಳ್ತಿ ತಮ್ಮಾ? ನಾ ಅಲ್ಲೇ ಇದ್ನೆಲ್ಲೋ. ಊರಾಗ ಹೇಳು. ನಮ್ಮ ತಂಗೀನ್ನ ಅದ ಊರಿಗೆ ಕೊಟ್ಟೇವಿ. ಇನ್ನೂ ಅಕೀಗಿ ಕೊಂದಾವ್ನ ತಂಗಿ ಅಂತಾರ."

ತಿರುಗಿ ಬರುವಾಗ ಬಸ್ಸಿನ ಕಿಟಕಿಯಾಚೆ ಕಂಬಗಳು ಒಂದೊಂದಾಗಿ ಹಿಂದೆ ಹೋದವು. ಅವಳು ಸೋಮವಾರದ ಭಜನೆಗೆ ಬರುತ್ತಾಳೆ. ಚಪ್ಪಲಿ ಬಿಡುವ ಜಾಗದ ಹತ್ತಿರ ಒಬ್ಬಳೇ ಕುಳಿತಿರುತ್ತಾಳೆ. ದಿನಾ ಕಂಡರೂ ನಾನು ಒಮ್ಮೆಯೂ ಮಾತನಾಡಿಸಿಲ್ಲ.

ಇವತ್ತು ಏಕತಾರಿಗೆ ಹೊಸ ತಂತಿ ಕಟ್ಟಿದೆ. ಬಿರಡೆ ತಿರುವಿದೆ. ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯಲಿಲ್ಲ... ಕೇಳೋಣವೆಂದರೆ ಅಣ್ಣ ಇಲ್ಲ. ನಾಡಿದ್ದು ಸೋಮವಾರ. ಭಜನೆಯಲ್ಲಿ ಎಲ್ಲರೆದುರು ಎದ್ದು ನಿಂತರೆ ಬಾಯಿ ಕಟ್ಟೀತೆಂಬ ಹೆದರಿಕೆಗೆ ಇದನ್ನೆಲ್ಲ ಬರೆದಿಟ್ಟಿದ್ದೇನೆ, ನೋಡಿಕೊಂಡು ಓದುತ್ತೇನೆ. ಮೊದಲು ಓದಬೇಕಾದ ಸಾಲನ್ನು ಮಾತ್ರ ಕೊನೆಗೆ ಬರೆಯುತ್ತಿದ್ದೇನೆ: ಕಟೌಟು ನನ್ನ ಕೈಯಲ್ಲೇ ಇದ್ದವು, ಯಾರೂ ಕಸಿದುಕೊಳ್ಳಲಿಲ್ಲ.