ಪಪ್ಪನ ದ್ವೀಪದ ಕ್ಲಬ್ ಬಿದ್ದ ವರ್ಷ

ಇವತ್ತು ಬೀರು ಖಾಲಿ ಮಾಡುವಾಗ ಪಪ್ಪನ ಕೆಂಪು ಜೆರ್ಸಿ ಸಿಕ್ಕಿತು. ಮೂಸಿದರೆ ಈಗಲೂ ಇಸ್ತ್ರಿಗೆ ಕಾದ ನೈಲಾನಿನ ವಾಸನೆ.

ಸ್ಪೇನಿನ ಪುಟ್ಟ ದ್ವೀಪವೊಂದರ ಫುಟ್‌ಬಾಲ್ ಕ್ಲಬ್ಬಿನ ಜೆರ್ಸಿ ಅದು. ದುಬೈಯಲ್ಲಿ ಪಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿನ ಶೆಫ್ ಆ ದ್ವೀಪದವನು, ಅವನೇ ಕೊಟ್ಟದ್ದು. ಪಪ್ಪ ಅದನ್ನು ತೊಟ್ಟು ಅಲ್ ನಹ್ದಾದ ನಮ್ಮ ಫ್ಲಾಟಿನಲ್ಲಿ ಕ್ಲಬ್ಬಿನ ಕಥೆ ಹೇಳುತ್ತಿದ್ದರು: "ಮೇಲಿನ ಲೀಗಿಗೆ ಹತ್ತಲಿಕ್ಕೆ ಎಷ್ಟೋ ವರ್ಷ ಮಗಳೇ. ಬೀಳಲಿಕ್ಕೆ ಒಂದೇ ಸೀಸನ್."

ಒಂದು ಸಂಜೆ ಫೋನ್ ಇಟ್ಟು ಅವರು ಮಮ್ಮಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು.

"ಖಲಾಸ್. ಕ್ಯಾನ್ಸಲ್ ಮಾಡ್ತಾರಂತೆ."

ನಮ್ಮ ಬಿಲ್ಡಿಂಗಿನಲ್ಲಿ 'ಕ್ಯಾನ್ಸಲ್' ಎಂಬ ಪದ ಯಾರ ಮನೆಗೆ ಬಂದರೂ ತಿಂಗಳೊಳಗೆ ಆ ಮನೆಯ ಮಕ್ಕಳು ಕಾಣೆಯಾಗುತ್ತಿದ್ದರು.

"ನಮ್ಮ ವೀಸಾನಾ ಪಪ್ಪಾ?"

"ನಮ್ಮದಲ್ಲ ಮಾರಾಯ್ತಿ, ಕ್ಲಬ್ಬಿನ ಕಥೆ. ಈ ಸಲ ಕೆಳಗಿನ ಲೀಗಿಗೆ ಬಿತ್ತು."

ನಂಬಿದೆ. ಆ ಆಟಗಾರರಿಗಾಗಿ ದಿನಾ ಪ್ರಾರ್ಥಿಸಿದೆ, ಮಂಚದಡಿಯ ಸೂಟ್‌ಕೇಸುಗಳು ಹೊರಬಂದ ದಿನವೂ. ಮಂಗಳೂರಿಗೆ ಹೊರಟ ವಿಮಾನದಲ್ಲಿ ಪಪ್ಪ ಅದೇ ಜೆರ್ಸಿಯಲ್ಲಿದ್ದರು. ನನ್ನ ಕೈ ಬಿಡಲೇ ಇಲ್ಲ.

ಈಗಷ್ಟೇ ಮೊಬೈಲಿನಲ್ಲಿ ಆ ಕ್ಲಬ್ಬಿನ ಇತಿಹಾಸ ಓದಿದೆ.

ಆ ವರ್ಷ ಅದು ಬಿದ್ದೇ ಇರಲಿಲ್ಲ.