ನೀಲಿ ದಾರದವಳು

ಸೀರೆಗೆ ನೆರಿಗೆ ಹಿಡಿದುಕೊಡುವುದಕ್ಕೂ ಒಂದು ಅಂಗಡಿಯಾ ಎಂದು ಊರಿನಿಂದ ಬಂದವರೆಲ್ಲ ನಗುತ್ತಾರೆ. ನಗಲಿ. ವಿಜಯವಾಡದ ಪಟಮಟದಲ್ಲಿ ನನ್ನದು ಅಂಥದೇ ಒಂದು ಪುಟ್ಟ ಅಂಗಡಿ. ಹೆಂಗಸರು ಸೀರೆ ತಂದು, ಎತ್ತರ ಮತ್ತು ಸೊಂಟದ ಅಳತೆ ಕೊಟ್ಟು ಹೋಗುತ್ತಾರೆ. ನಾವು ನೆರಿಗೆ ಹಿಡಿದು, ಸೆರಗು ಜೋಡಿಸಿ, ಇಸ್ತ್ರಿ ಮಾಡಿ, ಪಿನ್ ಹಾಕಿ ಡಬ್ಬಿಯಲ್ಲಿಟ್ಟು ಕೊಡುತ್ತೇವೆ. ಮನೆಗೆ ಹೋಗಿ ಸುತ್ತಿಕೊಂಡರೆ ಆಯಿತು. ಗಂಡನನ್ನು ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದಾಗ, ತೆಲುಗು ಬಾರದೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು ಶುರು ಮಾಡಿದ್ದಿದು. ಅವರು ನಿವೃತ್ತರಾದ ಮೇಲೂ ಅಂಗಡಿಗಾಗಿಯೇ ನಾವು ಇಲ್ಲಿ ಉಳಿದಿದ್ದೇವೆ.

ಕೆಲಸಕ್ಕೆ ಮೂವರು ಹೆಂಗಸರಿದ್ದರು. ನೆರಿಗೆ ಸೊಟ್ಟಗಾಗಿದೆ, ಇದು ಯಾರ ಕೈಯದು ಎಂದು ಕೇಳಿದರೆ ಮೂವರೂ ಫ್ಯಾನ್ ನೋಡುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರದ ಉಂಡೆ ಕೊಟ್ಟು, ನೀವು ಮಡಚಿದ ಸೀರೆಯ ಪಿನ್ನಿಗೆ ನಿಮ್ಮ ದಾರ ಕಟ್ಟಿ ಎಂದೆ. ತಪ್ಪು ಹಿಡಿಯುವುದಕ್ಕೆಂದೇ ಮಾಡಿದ ಉಪಾಯ. ಆದರೆ ಕೆಲವು ತಿಂಗಳಲ್ಲಿ ಗಿರಾಕಿಗಳು, "ನೀಲಿ ದಾರದವರ ಕೈಲೇ ಮಾಡಿಸಿ ಅಮ್ಮಾ" ಎನ್ನತೊಡಗಿದರು. ಆ ಮಾತು ಕೇಳಿದ ದಿನ ಉಳಿದಿಬ್ಬರ ನೆರಿಗೆಗಳೂ ನೇರವಾದವು.

ನೀಲಿ ದಾರದವಳಿಗೆ ಬಾಯಿ ಕಡಿಮೆ. ಅಂಗಡಿಯ ಮುಂಭಾಗಕ್ಕೂ ಇಸ್ತ್ರಿಯ ಕೋಣೆಗೂ ನಡುವೆ ಒಂದು ಪರದೆ ಇದೆ. ಅದನ್ನು ದಾಟಿ ಅವಳು ಗಿರಾಕಿಗಳ ಎದುರಿಗೆ ಬರುತ್ತಲೇ ಇರಲಿಲ್ಲ. ಅವಳ ಗಂಡನಿಗೆ ವಿಶಾಖಪಟ್ಟಣದ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಹೇಳಲು ಬಂದವಳು ಇಸ್ತ್ರಿ ಮೇಜಿನ ಬಟ್ಟೆಯನ್ನು ಸವರುತ್ತಲೇ ನಿಂತಳು.

"ಅಲ್ಲಿ ಹೋಗಿ ಏನು ಮಾಡ್ತೀಯ?" ಎಂದೆ.

"ಮನೇಲಿರ್ತೀನಿ. ಈ ಕೈಗಳನ್ನೇ ಏನು ಮಾಡ್ಲಿ ಅಂತ ಗೊತ್ತಾಗ್ತಿಲ್ಲಮ್ಮಾ."

ಕಣ್ಣು ತುಂಬಿದ್ದು ಅವಳಿಗೋ ನನಗೋ. "ಹಂಗಾದ್ರೆ ಅಲ್ಲೂ ಒಂದು ಅಂಗಡಿ ಹಾಕೋಣ. ನೀನೇ ನಡೆಸು" ಎಂದುಬಿಟ್ಟೆ.

ಅವಳು ಬೆಚ್ಚಿಬಿದ್ದಳು. "ನಾ ವಲ್ಲ ಕಾದಮ್ಮಾ, ನನ್ನಿಂದಾಗಲ್ಲ. ಗಿರಾಕಿ ಒಂದು ಜೋರು ಮಾತಾಡಿದ್ರೆ ನನ್ನ ನಾಲಿಗೆ ಒಣಗಿ ಹೋಗುತ್ತೆ."

ಮನೆಯಲ್ಲಿ ಗಂಡ ಪೇಪರಿನಿಂದ ತಲೆಯೆತ್ತದೆ ಹೇಳಿದರು: "ನೀ ಎಲ್ಲಾ ಕಲಿಸಿ ಕೊಡು. ನಾಳೆ ಆಕಿ ನಿನ್ನ ಹೆಸರು ಅಳಿಸಿ ತನ್ನ ಬೋರ್ಡು ಹಾಕ್ತಾಳ."

"ಹಾಕ್ಲಿ ಬಿಡ್ರಿ. ಬರೇ ಇಸ್ತ್ರಿ ಪೆಟ್ಟಿಗಿ ಹಿಡಕೊಂಡು ಸಾಯಬೇಕೇನ ಆಕಿ?" ಎಂದೆ. ರೇಗಿ ಹೇಳಿದ ಮಾತಾದರೂ ಆ ಬೋರ್ಡಿನ ಅನುಮಾನ ನನಗೂ ಇತ್ತು.

ಮರುದಿನದಿಂದ ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ನಾನು ಪರದೆಯ ಹಿಂದೆ ಸೇರಿಕೊಂಡೆ. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಅವಳು ತಡವರಿಸಿದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಆಗ ಬಂತು ಗವರ್ನರ್‌ಪೇಟೆಯ ಒಂದು ಮದುವೆ ಮನೆಯ ಕೆಲಸ. ಅಲ್ಲಿ ಸಗಟು ಬಟ್ಟೆ ವ್ಯಾಪಾರ ಮಾಡುವ ಗುಜರಾತಿ ಕುಟುಂಬ. ಸೀರೆಗಳು ಆಟೋದಲ್ಲಿ ಬಂದವು, ಅಳತೆಗಳು ವಾಟ್ಸಾಪಿನಲ್ಲಿ. ಎಲ್ಲವನ್ನೂ ಅವಳೇ ಮಾಡಿ ಕಳಿಸಿದಳು. ಸಂಜೆ ಮದುವೆ ಎನ್ನುವ ದಿನ ಬೆಳಿಗ್ಗೆ ಆ ಮನೆಯ ಹಿರಿಯ ಹೆಂಗಸು ಡಬ್ಬಿಗಳನ್ನೆಲ್ಲ ಹೊತ್ತು ತಂದು ಮೇಜಿನ ಮೇಲೆ ಸುರಿದರು. ನಮ್ಮ ಕಡೆಯೂ ತೆಲುಗರ ಕಡೆಯೂ ಸೆರಗು ಎಡಭುಜದ ಮೇಲೆ. ಅವರ ಮನೆಯಲ್ಲಿ ಹಿಂದಿನಿಂದ ಬಲಭುಜದ ಮೇಲೆ ತಂದು ಮುಂದಕ್ಕೆ ಇಳಿಬಿಡುತ್ತಾರೆ. ನಾವು ಹುಟ್ಟಿದಾಗಿನಿಂದ ಎಡಭುಜವನ್ನೇ ಕಂಡವರು. ಯಾವ ಭುಜ ಎಂದು ಕೇಳಬೇಕು ಎನ್ನುವುದೇ ಅವಳಿಗೆ ಹೊಳೆದಿರಲಿಲ್ಲ.

"ಯಾರು ಮಾಡಿದ್ದಿದು? ಓನರನ್ನ ಕರೀರಿ!"

ಪರದೆಗೆ ಕೈ ಹಾಕಿದೆ. ಈಗ ಹೊರಗೆ ಹೋದರೆ ಇವಳು ಮತ್ತೆಂದೂ ಆ ಕುರ್ಚಿಯಲ್ಲಿ ಕೂರುವುದಿಲ್ಲ ಎನಿಸಿತು. ಹೋಗದಿದ್ದರೆ ಒಂದು ಮದುವೆ ಮನೆಯ ಶಾಪ. ಕೈ ಬಿಟ್ಟೆ.

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಆಮೇಲೆ ಅವಳ ದನಿ ಕೇಳಿಸಿತು. "ನೀಲಿ ದಾರ ನಂದೇ ಅಮ್ಮಾ. ತಪ್ಪೂ ನಂದೇ. ಕೂತ್ಕೊಳ್ಳಿ, ನಿಮ್ಮೆದುರಿಗೇ ಮತ್ತೆ ಮಾಡಿಕೊಡ್ತೀನಿ. ಹೇಗೆ ಉಡಬೇಕು ಅಂತ ಒಂದು ಸೀರೆಯಲ್ಲಿ ತೋರಿಸಿಬಿಡಿ, ಸಾಕು."

ಪರದೆ ಸರಿಸಿ ಒಳಗೆ ಬಂದು ಉಳಿದಿಬ್ಬರಿಗೆ ಕೆಲಸ ಹಂಚಿದಳು. ನನಗೂ ಒಂದು ಸೀರೆ ಕೊಟ್ಟು, "ನೀವು ಇದರ ಪಿನ್ ಬಿಚ್ಚಿ" ಎಂದಳು. ಬಿಚ್ಚಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಡಬ್ಬಿಗಳೆಲ್ಲ ಮತ್ತೆ ತುಂಬಿದ್ದವು. ಆ ಹಿರಿಯರು ಹೊಗಳಲಿಲ್ಲ, ಬೈಯಲೂ ಇಲ್ಲ. ಚಹಾ ಮಾತ್ರ ಎರಡನೆಯ ಸಲ ಕೇಳಿ ಕುಡಿದರು.

ಅವರು ಹೋದ ಮೇಲೆ ಅವಳು ಮೊದಲ ಸಲ ನನ್ನನ್ನು ಛೇಡಿಸಿದಳು. "ಪರದೆ ಕೆಳಗೆ ನಿಮ್ಮ ಪಾದ ಕಾಣ್ತಿತ್ತಮ್ಮಾ. ಮುಂದಕ್ಕೆ ಬರೋವು, ಹಿಂದಕ್ಕೆ ಹೋಗೋವು. ಅದನ್ನ ನೋಡೇ ನಂಗೆ ಮಾತು ಬಂತು."

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಕೋಚಿಂಗ್ ಸೆಂಟರೊಂದರ ಕೆಳಗಿನ ಕೋಣೆ ಸಿಕ್ಕಿತು. ಅವಳು ನಡೆಸುತ್ತಿದ್ದಾಳೆ. ಬೋರ್ಡು ಇನ್ನೂ ನನ್ನದೇ ಇದೆ, ಗಂಡನಿಗೆ ಅದರ ಫೋಟೋ ತೋರಿಸಿದ್ದೇನೆ.

ಹೋದ ತಿಂಗಳು ಹೇಳದೆ ಕೇಳದೆ ಅಲ್ಲಿಗೆ ಹೋದೆ. ಕುರ್ಚಿಯಲ್ಲಿ ನನ್ನನ್ನು ಎಂದೂ ನೋಡಿರದ ಹೊಸ ಹುಡುಗಿ. ಸೀರೆ ಕೊಟ್ಟೆ.

"ಯಾವ ಭುಜ ಅಮ್ಮಾ? ಎಡವೋ, ಬಲವೋ?"

ಎಡ ಎಂದೆ. ನನ್ನ ದನಿ ಅಲ್ಲಿಯ ಪರದೆಯ ಹಿಂದಿದ್ದ ನೀಲಿ ದಾರದವಳಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಯಾರೂ ಹೊರಗೆ ಬರಲಿಲ್ಲ. ಹುಡುಗಿ ಎತ್ತರ ಅಳೆದು, ಸೊಂಟ ಅಳೆದು, ಮುಂದೇನು ಕೇಳಬೇಕೆಂದು ಮರೆತು ಟೇಪು ಸುತ್ತುತ್ತ ನಿಂತಳು. ಚಪ್ಪಲಿಯ ಹಿಮ್ಮಡಿ ಎತ್ತರವೇ ಎಂದು ಕೇಳಬೇಕಿತ್ತು. ಹೇಳಿಬಿಡಲು ನನ್ನ ಬಾಯಿ ತುರಿಸುತ್ತಿತ್ತು.

ಪರದೆಯ ಕೆಳಗೆ, ಶುಕ್ರವಾರದ ಅರಿಶಿನ ಹಚ್ಚಿದ ಎರಡು ಪಾದಗಳು ಒಂದು ಹೆಜ್ಜೆ ಮುಂದೆ ಬಂದವು. ನಿಂತವು. ಹಿಂದಕ್ಕೆ ಸರಿದವು.

ನಾನು ಬಾಯಿ ಮುಚ್ಚಿಕೊಂಡು, ಹುಡುಗಿಗೆ ನೆನಪಾಗಲೆಂದು ಕಾಯುತ್ತ ನಿಂತೆ.