ಹಿಂದಿನ ಒಂಬತ್ತು ಬೋಗಿಗಳು

ಭಾವ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನೀರಣ್ಣ ಭಾವನನ್ನೇ ಬೈಯುತ್ತ ಹಳಿಗಳ ನಡುವೆ ನಿಂತಿದ್ದರು. ಐದೂವರೆಯ ರೈಲು ಆಗಷ್ಟೇ ಹೊರಟುಹೋಗಿತ್ತು. ಹದಿನೆಂಟು ಬೋಗಿಗಳಲ್ಲಿ ಮುಂದಿನ ಒಂಬತ್ತಕ್ಕೆ ನೀರು ತುಂಬಿತ್ತು. ಹಿಂದಿನ ಒಂಬತ್ತಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಹಿಂದಿನವು ಭಾವನ ಪಾಲು. “ಕುಂಭಕರ್ಣ! ಬರ್ಲಿ, ಮಾಡ್ತೀನಿ,” ಎಂದು ಗೊಣಗುತ್ತ ಪೈಪು ಸುತ್ತುತ್ತಿದ್ದಾಗ ಸ್ಟೇಷನ್ ಮಾಸ್ಟರ್ ತಾವೇ ಹಳಿ ದಾಟಿ ಬಂದರು. ಅಕ್ಕ ಫೋನ್ ಮಾಡಿದ್ದಳು. ಕೆಲಸಕ್ಕೆ ಹೊರಟ ಭಾವ ಹೊಸ್ತಿಲ ಮೇಲೆ ಕೂತು, ಒಂದು ಬೂಟಿನ ದಾರ ಕಟ್ಟಿ ಮುಗಿಸಿ, ಇನ್ನೊಂದಕ್ಕೆ ಬಗ್ಗಿದವರು ಮತ್ತೆ ಏಳಲಿಲ್ಲ. ರೈಲು ಬರುವ ಅರ್ಧ ಗಂಟೆ ಮುಂಚೆಯೇ ಎಲ್ಲ ಮುಗಿದಿತ್ತು.

ಅದಾಗಿ ಎರಡು ತಿಂಗಳು. ಐದೂವರೆಯ ರೈಲು ಈಗಲೂ ಹನ್ನೆರಡೇ ನಿಮಿಷ ನಿಲ್ಲುತ್ತದೆ. ಐವತ್ತಮೂರರ ನೀರಣ್ಣ ಒಂದೊಂದು ಬೋಗಿಗೂ ಪೈಪು ಸಿಕ್ಕಿಸುತ್ತ, ನಲ್ಲಿ ತಿರುಗಿಸುತ್ತ ಓಡುತ್ತಾರೆ. ಆದಷ್ಟು ದೂರ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಪೈಪು ಕಳಚುತ್ತ ವಾಪಸು ಓಡುತ್ತಾರೆ. ಮಧ್ಯಾಹ್ನದೊಳಗೆ ಇಂಥ ಆರು ರೈಲು. ಮೊದಲು ಭಾವ ಹಿಂದಿನಿಂದ, ಇವರು ಮುಂದಿನಿಂದ ಹೊರಟು ನಡುವೆ ಸಂಧಿಸುತ್ತಿದ್ದರು. ನಿಲ್ದಾಣ ಕೊಡಲಿಯ ಬಾಯಿಯಂತೆ ಬಾಗಿರುವುದರಿಂದ ಅಲ್ಲಿಯವರೆಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. “ಏನಪ್ಪ ಭಾವಮೈದ, ಈಗ ಬಂತಾ ಆಮೆ?” ಎಂದು ಕೇಳುವುದು ಭಾವನ ದಿನದ ಮೊದಲ ಮಾತು. ಇಪ್ಪತ್ತಾರು ವರ್ಷ ಅದೊಂದೇ ಮಾತು.

ಪ್ರಯಾಣಿಕರ ಬಗ್ಗೆ ಕೇಳಿದರೆ ನೀರಣ್ಣ ಹಣೆ ಚಚ್ಚಿಕೊಳ್ಳುತ್ತಾರೆ. “ನೀರಿಲ್ಲ ಅಂದ್ರೆ ನನ್ನ ವಂಶಾನೇ ಜಾಲಾಡಿಬಿಡ್ತಾರೆ. ನೀರಿದ್ರೆ? ಒಬ್ಬ ನಲ್ಲಿ ಬಿಟ್ಕೊಂಡು ಗಡ್ಡ ಕೆರೀತಾ ನಿಂತಿರ್ತಾನೆ, ಆ ಕಡೆ ಮುಖ ಮಾಡ್ಕೊಂಡು ಫೋನಲ್ಲಿ ಮಾತು ಬೇರೆ. ಒಬ್ಬಮ್ಮ ಮನೇಲಿದ್ದ ಪಾತ್ರೆನೆಲ್ಲ ತಂದು ತೊಳೀತಾಳೆ. ಪೈಪಿಂದ ಒಂದು ಹನಿ ಕಿಟಕಿಗೆ ಸಿಡಿದ್ರೆ ಸಾಕು, ಸಾಹೇಬರ ಅಂಗಿ ನೆನೆದುಹೋಯ್ತು!”

ರೈಲಿನಲ್ಲಿ ಕೂತು ಹೋಗುವ ಸುಖವೂ ಅವರಿಗೆ ಒಮ್ಮೆ ದಕ್ಕಿತ್ತು. ಅಕ್ಕ, ಭಾವ, ಅವರು ಮೂವರೇ ಹೊರಟಿದ್ದರು. ಕಿಟಕಿಯಲ್ಲಿ ಗಾಳಿ, ಹೊರಗೆ ಹಸಿರು, ಅಕ್ಕನ ಬುತ್ತಿ. ಆದರೆ ಎಲ್ಲೋ ನಲ್ಲಿ ಸುರಿಯುವ ಸದ್ದು ಕೇಳಿದ್ದೇ ತಡ, ಗಂಡಸರಿಬ್ಬರೂ ಎದ್ದು ಓಡಿದರು. ದಾರಿಯುದ್ದಕ್ಕೂ ಸರದಿಯ ಮೇಲೆ ನಲ್ಲಿ ನಿಲ್ಲಿಸಿದ್ದೇ ಆಯಿತು. “ನೀವು ಊರು ನೋಡೋಕೆ ಬಂದಿದ್ದೀರೋ, ಕಾವಲಿಗೆ ಬಂದಿದ್ದೀರೋ? ನಿಮ್ಮಿಬ್ಬರನ್ನೂ ಕಟ್ಕೊಂಡು ಇನ್ನೊಂದ್ಸಲ ಬಂದ್ರೆ ಕೇಳಿ!” ಎಂದು ಅಕ್ಕ ಸಿಡಿದಿದ್ದಳಂತೆ. ಇದನ್ನು ಹೇಳುವಾಗ ಮಾತ್ರ ನೀರಣ್ಣನ ಮುಖ ಸಡಿಲವಾಗುತ್ತದೆ.

ಭಾವ ಹೋದ ದಿನ ಒಣಗಿಹೋದ ಒಂಬತ್ತು ಬೋಗಿಗಳ ಜನ ಮುಂದಿನ ನಿಲ್ದಾಣದಲ್ಲಿ ದೂರು ಕೊಟ್ಟರು. ದೂರು ಕಚೇರಿಗೆ ಬಂತು. ಕೆಲಸದ ಪಟ್ಟಿಯಲ್ಲಿ ಹಿಂದಿನ ಬೋಗಿಗಳು ಯಾರ ಹೆಸರಿನಲ್ಲಿವೆಯೋ ಅವರ ಸೇವಾ ದಾಖಲೆಯ ಹಾಳೆಯ ಕೊನೆಗೆ ಗುಮಾಸ್ತರು ಬರೆದರು: ಅನುಮತಿಯಿಲ್ಲದೆ ಗೈರುಹಾಜರಿ, ಕರ್ತವ್ಯಲೋಪ. ಆ ಹಾಳೆಯ ಪ್ರತಿ ಸದ್ಯದಲ್ಲೇ ಅಕ್ಕನ ಕೈ ಸೇರುವುದಿತ್ತು. ಅಕ್ಕನಿಗೆ ಓದು ಬರುತ್ತದೆ.

ಆ ಸಾಲನ್ನು ತೆಗೆಸಬೇಕೆಂದು ನೀರಣ್ಣ ಕಚೇರಿಗೆ ಅಲೆದದ್ದು ಏಳು ಸಲ.

“ಅವತ್ತು ಅವರು ಬಂದಿರಲಿಲ್ಲ, ನಿಜ ತಾನೇ?” ಎಂದರು ಗುಮಾಸ್ತರು.

“ಹೇಗೆ ಬರ್ತಾರೆ ಸ್ವಾಮಿ? ಸತ್ತುಹೋಗಿದ್ರು.”

“ಅದಕ್ಕೆ ರಜೆ ಅರ್ಜಿ ಇಲ್ವಲ್ಲ.”

“ಅಯ್ಯೋ ದೇವರೇ! ಸಾಯೋಕೆ ಮುಂಚೆ ಅರ್ಜಿ ಬರೀಬೇಕಿತ್ತೇನ್ರೀ?”

“ಕೂಗಾಡಬೇಡಿ. ಬರೆದದ್ದನ್ನ ಅಳಿಸೋಕೆ ಬರಲ್ಲ.”

ಇದರ ಮೇಲೆ ಇನ್ನೊಂದು ತಲೆನೋವು. ಭಾವನ ಜಾಗಕ್ಕೆ ಯಾರೂ ಬರಲಿಲ್ಲ. ಹಿಂದಿನ ಒಂಬತ್ತು ಬೋಗಿಗಳು ಪಟ್ಟಿಯಲ್ಲಿ ಸತ್ತವರ ಹೆಸರಿನಲ್ಲೇ ಉಳಿದವು. ಅಲ್ಲಿ ನೀರಿಲ್ಲದಿದ್ದರೆ ದೂರು ಅವರ ಹಾಳೆಗೇ ಹೋಗುತ್ತದೆ. ಇದು ಗೊತ್ತಾದ ಮರುದಿನದಿಂದ ನೀರಣ್ಣ ಕೆಲಸವನ್ನು ಹಿಂದಿನಿಂದ ಶುರುಮಾಡಿದರು. ಮೊದಲು ಭಾವನ ಒಂಬತ್ತು, ಆಮೇಲೆ ತಮ್ಮವು. ಹನ್ನೆರಡು ನಿಮಿಷ ಸಾಲದೆ ತಮ್ಮ ಕೊನೆಯ ನಾಲ್ಕು ಬೋಗಿಗಳು ಬಹುತೇಕ ದಿನ ಒಣಗಿಯೇ ಹೊರಡುತ್ತಿದ್ದವು. ಎರಡು ತಿಂಗಳಲ್ಲಿ ಅವರಿಗೆ ಬಂದ ನೋಟಿಸು ಐದು. ಭಾವನ ಹೆಸರಿಗೆ ಒಂದೂ ಇಲ್ಲ.

ಏಳನೆಯ ಸಲ ಹೋದಾಗ ಗುಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತ, “ಅಳಿಸೋಕಾಗಲ್ಲ. ಆದ್ರೆ ಬೇರೆ ಯಾರಾದ್ರೂ ತಪ್ಪು ತಮ್ಮದು ಅಂತ ಬರೆದುಕೊಟ್ರೆ ಆ ಸಾಲನ್ನ ಅವರ ಹೆಸರಿಗೆ ವರ್ಗಾಯಿಸಬಹುದು,” ಎಂದರು.

“ಇದನ್ನ ಮೊದಲನೇ ದಿನವೇ ಹೇಳೋಕೆ ನಿಮಗೇನಾಗಿತ್ತು?”

“ನೀವು ಕೇಳಲೇ ಇಲ್ವಲ್ಲ.”

ನೀರಣ್ಣ ಹಲ್ಲು ಕಚ್ಚಿಕೊಂಡು ಅಲ್ಲೇ ನಿಂತು ಬರೆದರು. ‘ನಡುವಿಗೆ ಬಂದಾಗ ಅವರು ಕಾಣಲಿಲ್ಲ. ನಾನು ಹೋಗಿ ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನನ್ನದು.’ ಬರೆದದ್ದರಲ್ಲಿ ಸುಳ್ಳೇನೂ ಇಲ್ಲ ಎನ್ನುತ್ತಾರೆ ಅವರು. ಆ ಕಾಗದದ ಜೊತೆಗೆ ಹದಿನೆಂಟೂ ಬೋಗಿಗಳನ್ನು ತಮ್ಮ ಹೆಸರಿಗೇ ಬರೆಸಿಕೊಂಡರು. ಎರಡನೆಯ ಆಳು ಯಾವಾಗ ಬರುತ್ತಾನೆ ಎಂದರೆ, “ನನ್ನನ್ನ ಕೇಳಿದ್ರೆ? ಅವರನ್ನ ಕೇಳಿ. ಎಂಟನೇ ಸಲ ನೀವೇ ಹೋಗಿ ಬನ್ನಿ,” ಎಂದು ಸಿಡುಕುತ್ತಾರೆ.

ಕಳೆದ ವಾರ ಹಾಳೆ ಅಕ್ಕನ ಕೈ ಸೇರಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಗಟ್ಟಿಯಾಗಿ ಓದಿದಳು: “ಇಪ್ಪತ್ತಾರು ವರ್ಷ. ದೂರು ಯಾವುದೂ ಇಲ್ಲ.” ಮತ್ತೊಮ್ಮೆ ಓದಿದಳು.

“ಇಷ್ಟೇನಾ ಬರೆದಿರೋದು?”

“ಇಷ್ಟೇ ಅಕ್ಕ. ಇನ್ನೇನು ಬೇಕಿತ್ತು?”

“ಏನೂ ಬೇಡ ಕಣೋ,” ಎಂದು ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಹಾಳೆಯನ್ನು ಮಡಿಸದೆ, ಹಾಸಿಗೆಯ ಕೆಳಗೆ ನೀಟಾಗಿ ಹಾಸಿಟ್ಟಳು.

ಆರನೆಯ ರೈಲು ಹೋದ ಮೇಲೆ ನೀರಣ್ಣ ಹಳಿಯ ಪಕ್ಕದ ಕಟ್ಟೆಯ ಮೇಲೆ ಕೂತು, ಒದ್ದೆ ಕೈಗಳನ್ನೇ ಜೋಡಿಸಿ ಕಣ್ಣು ಮುಚ್ಚುತ್ತಾರೆ. ಅವರ ಪ್ರಾರ್ಥನೆ ಚಿಕ್ಕದು. ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ.

“ದೇವರೇ, ನಮ್ಮ ಭಾವನ್ನ ಒಂದು ಕಡೆ ಕೂರಿಸಪ್ಪ. ಜೀವಮಾನವೆಲ್ಲ ಓಡಿದ್ದಾರೆ. ಹೊತ್ತಾಯ್ತು ಅಂತ ಅಲ್ಲಿ ಯಾರೂ ಕೂಗೋದು ಬೇಡ. ನೆಮ್ಮದಿಯಾಗಿ ಇರ್ಲಿ.”